ಡಬ್ಬಿಯೊಳಗಿನ ಯೋನ: ಸಂಡೇ ಸ್ಕೂಲ್ ಪಾಠಕ್ಕೆ ಹೊಂದುವ ತಿನಿಸು

ಯೋನನ ಪಾಠ ಇರುವ ವಾರ ನಾನು ಗುರುವಾರ ಬೆಳಗ್ಗೆಯೇ ಕರ್ಚಿಕಾಯಿ ಕರಿದು ಡಬ್ಬಿಗೆ ಹಾಕುತ್ತೇನೆ. ಒಂದೊಂದು ಕರ್ಚಿಕಾಯಿಯೂ ಒಂದೊಂದು ದೊಡ್ಡ ಮೀನು. ಒಳಗೆ ಹೂರಣದ ನಡುವೆ ಒಂದೇ ಒಂದು ಒಣದ್ರಾಕ್ಷಿ. ಅದೇ ಯೋನ, ದೇವರು ನಿನೆವೆ ಪಟ್ಟಣಕ್ಕೆ ಹೋಗು ಅಂದಾಗ ತಪ್ಪಿಸಿಕೊಂಡು ಹೊರಟು ದೊಡ್ಡ ಮೀನಿನ ಹೊಟ್ಟೆ ಸೇರಿದ ಪ್ರವಾದಿ. ಭಾನುವಾರ ಮಕ್ಕಳ ಮುಂದೆ ಡಬ್ಬಿ ತೆಗೆಯುವ ಹೊತ್ತಿಗೆ ಅವನು ಮೂರು ಹಗಲು, ಮೂರು ರಾತ್ರಿ ಕತ್ತಲಲ್ಲಿ ಕಳೆದಿರುತ್ತಾನೆ. ಇದನ್ನು ಹೇಳಿದ ಕೂಡಲೇ ಮಕ್ಕಳೆಲ್ಲ ಸುಮ್ಮನಾಗಿ ಡಬ್ಬಿಯನ್ನೇ ನೋಡುತ್ತಾರೆ.

ಬೀದರಿನ ನಮ್ಮ ಚರ್ಚಿನ ಸಭೆಯಲ್ಲಿ ಹದಿನಾಲ್ಕು ವರ್ಷದಿಂದ ಚಿಕ್ಕ ಮಕ್ಕಳ ಕ್ಲಾಸು ನನ್ನದು. ನಾಲ್ಕರಿಂದ ಹತ್ತು ವರ್ಷದ ಸುಮಾರು ಮೂವತ್ತು ಮಕ್ಕಳು. ಕ್ಲಾಸು ಎಂಟಕ್ಕೇ ಶುರು. ಅಷ್ಟು ಬೇಗ ಬರುವ ಮಕ್ಕಳಲ್ಲಿ ಅರ್ಧ ಜನ ಬರೀ ಚಹಾ ಕುಡಿದು ಬಂದಿರುತ್ತಾರೆ. ಮೊದಲು ಅದಕ್ಕೇ ಬಿಸ್ಕೆಟು ಕೊಡುತ್ತಿದ್ದೆ. ಹಸಿದ ಮಗುವಿನ ಕಿವಿಗೆ ಕಥೆ ಇಳಿಯುವುದಿಲ್ಲ, ಅಲ್ವಾ. ಆಮೇಲೆ ಹೇಗೂ ಕೊಡುವುದೇ ಆದರೆ ಪಾಠಕ್ಕೆ ಹೊಂದುವುದನ್ನೇ ಕೊಡೋಣ ಅನಿಸಿತು.

ಮೊದಲ ಪ್ರಯತ್ನ ಸರಿ ಹೋಗಲಿಲ್ಲ. ಯೋನನ ಪಾಠಕ್ಕೇ ಒಂದು ಬೇಕರಿಯಲ್ಲಿ ನೀಲಿ ಕ್ರೀಮಿನ ಸಮುದ್ರ ಇರುವ ಕೇಕು ಹೇಳಿ ಮಾಡಿಸಿದೆ. ಮೇಲೆ ಸಕ್ಕರೆಯ ಮೀನು. ಮಕ್ಕಳು ಖುಷಿಯಿಂದ ತಿಂದರು. ಮುಂದಿನ ವಾರ ಕೇಳಿದರೆ ಎಲ್ಲರಿಗೂ ನಾಲಿಗೆ ನೀಲಿಯಾಗಿದ್ದು ನೆನಪಿತ್ತು. ಯೋನ ಯಾವ ಊರಿಗೆ ಹೋಗಬೇಕಿತ್ತು ಅಂದರೆ ಒಬ್ಬರೂ ನಿನೆವೆ ಅನ್ನಲಿಲ್ಲ. ಕೇಕು ಸುಮ್ನೆ ನೋಡುವುದಕ್ಕಿತ್ತು, ಅದರಿಂದ ಮಕ್ಕಳ ಕೈಗೆ ಏನೂ ಕೆಲಸ ಸಿಕ್ಕಿರಲಿಲ್ಲ. ಆವತ್ತಿನಿಂದ ನನ್ನದು ಒಂದೇ ಲೆಕ್ಕ. ಕಥೆಯೊಳಗಿನ ಜನ ಏನು ಮಾಡಿದರೋ ಅದನ್ನು ಮಕ್ಕಳ ಕೈ ಮತ್ತು ಬಾಯಿಯೂ ಮಾಡಬೇಕು. ಅವರು ಆಯ್ದರೆ ಇವರೂ ಆಯಬೇಕು, ಹಂಚಿದರೆ ಹಂಚಬೇಕು, ಅವಸರದಲ್ಲಿ ನಿಂತು ತಿಂದರೆ ಇವರೂ ನಿಂತು ತಿನ್ನಬೇಕು.

ಇದಕ್ಕೆ ಹೊರಗಿನ ಸಾಮಾನು ಬೇಕಿಲ್ಲ. ಸತ್ಯವೇದದ, ಅಂದರೆ ಬೈಬಲಿನ, ಜನರ ಊಟ ನಮ್ಮ ಊಟಕ್ಕೆ ಬಹಳ ಹತ್ತಿರ. ಹುಳಿ ಬರಿಸದ ರೊಟ್ಟಿ, ಹುರಿದ ತೆನೆ, ಬೇಳೆ, ಜೇನು. ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ.

ಕರ್ಚಿಕಾಯಿ ಮೀನಿನ ಅಳತೆ ಹೇಳುತ್ತೇನೆ. ಅರ್ಧ ಕೆಜಿ ಮೈದಾ, 100 ಗ್ರಾಂ ಚಿರೋಟಿ ರವೆ, ಚಿಟಿಕೆ ಉಪ್ಪು, ನಾಲ್ಕು ಚಮಚ ಕಾಸಿದ ಎಣ್ಣೆ. ಗಟ್ಟಿಯಾಗಿ ನಾದಿ ಅರ್ಧ ತಾಸು ಒದ್ದೆ ಬಟ್ಟೆ ಮುಚ್ಚಿಡಿ. ಹೂರಣಕ್ಕೆ 200 ಗ್ರಾಂ ಪುಟಾಣಿ ಹಿಟ್ಟು, 150 ಗ್ರಾಂ ಒಣಕೊಬ್ಬರಿ ತುರಿ, 200 ಗ್ರಾಂ ಸಕ್ಕರೆ ಪುಡಿ, ಸ್ವಲ್ಪ ಗಸಗಸೆ, ಏಲಕ್ಕಿ. ಕೊಬ್ಬರಿಯನ್ನು ಬೆಚ್ಚಗೆ ಹುರಿಯಲೇಬೇಕು. ಇಲ್ಲದಿದ್ದರೆ ಮೂರು ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ.

ಪೂರಿ ಲಟ್ಟಿಸುವಾಗ ದುಂಡಗೆ ಮಾಡಬೇಡಿ, ಸ್ವಲ್ಪ ಉದ್ದಕ್ಕೆ ಎಳೆಯಿರಿ. ಒಂದು ಚಮಚ ಹೂರಣ, ನಡುವೆ ಒಂದು ದ್ರಾಕ್ಷಿ. ಅಂಚಿಗೆ ನೀರು ಸವರಿ ಮಡಚಿ ಒತ್ತಿ. ಒಂದು ತುದಿಯಲ್ಲಿ ಅರ್ಧ ಬೆರಳಿನಷ್ಟು ಹಿಟ್ಟು ಹೂರಣ ಇಲ್ಲದೆ ಬಿಟ್ಟಿರಬೇಕು. ಅದನ್ನು ಚಾಕುವಿನಿಂದ ಸೀಳಿ ಎರಡೂ ಕಡೆ ಬಿಡಿಸಿದರೆ ಬಾಲ. ಇನ್ನೊಂದು ತುದಿಗೆ ಒಂದು ಕರಿ ಎಳ್ಳು ಒತ್ತಿದರೆ ಕಣ್ಣು. ಎಣ್ಣೆ ಹದವಾಗಿ ಕಾದಿರಲಿ, ಉರಿ ಸಣ್ಣ ಇರಲಿ. ಉರಿ ಜಾಸ್ತಿ ಆದರೆ ಬಾಲ ಮೊದಲು ಕಪ್ಪಾಗುತ್ತದೆ, ಹೊಟ್ಟೆ ಹಸಿಯೇ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಈ ಅಳತೆಗೆ ಮೂವತ್ತೈದರ ತನಕ ಬರುತ್ತವೆ.

ತಿನ್ನುವಾಗ ಬಾಲದಿಂದ ಶುರು ಮಾಡಿ ಅಂತ ಹೇಳುತ್ತೇನೆ. ಯೋನ ಸಿಗುವವರೆಗೆ ಯಾರೂ ಮಾತಾಡುವಂತಿಲ್ಲ. ಹೋದ ಸಲ ಆರು ವರ್ಷದ ಹುಡುಗನೊಬ್ಬ ಹೂರಣವನ್ನೆಲ್ಲ ಅಂಗೈಗೆ ಸುರಿದುಕೊಂಡು, ದ್ರಾಕ್ಷಿಯನ್ನು ಎರಡು ಬೆರಳಲ್ಲಿ ಎತ್ತಿ, "ಅಕ್ಕೋರೆ, ಇವ ಇನ್ನೂ ಜೀವಂತ ಅದಾನ್ರಿ" ಅಂದ. ಅದನ್ನು ಅವನು ತಿನ್ನಲೇ ಇಲ್ಲ. ಜೇಬಿಗೆ ಹಾಕಿಕೊಂಡು ನಿನೆವೆಗೆ ಕಳಿಸಿ ಬರ್ತೀನಿ ಅಂತ ಅಂಗಳಕ್ಕೆ ಓಡಿದ. ಒಂದು ಮಾತು ನೆನಪಿಡಿ. ಯೋನನ ಪುಸ್ತಕದಲ್ಲಿ ದೊಡ್ಡ ಮೀನು ಎಂದಷ್ಟೇ ಇದೆ, ತಿಮಿಂಗಿಲ ಎಂದಿಲ್ಲ. ಮಕ್ಕಳು ಚಿತ್ರ ನೋಡಿ ತಿಮಿಂಗಿಲ ಅನ್ನುತ್ತಾರೆ. ಮೀನು ಅಂತಲೇ ಹೇಳಿಕೊಡಿ.

ಇನ್ನು ಮನ್ನ, ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನವೂ ಆಕಾಶದಿಂದ ಕೊಟ್ಟ ಆಹಾರ. ಇದಕ್ಕೆ ನಮ್ಮ ಜೋಳದ ಅಳ್ಳಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನ ಕೊತ್ತಂಬರಿ ಬೀಜದ ಹಾಗೆ, ಬೆಳ್ಳಗೆ, ತಿಂದರೆ ಜೇನು ಬೆರೆತ ರುಚಿ ಅಂತ ಇದೆ. ಅಳ್ಳು ಅಂದರೆ ಪಂಚಮಿ ಹಬ್ಬ ನೆನಪಾಗುವುದು ಸಹಜ. ನಮ್ಮ ಅತ್ತೆಗೂ ಮೊದಲು ಅಚ್ಚರಿಯಾಗಿತ್ತು. ಆದರೆ ಹುರಿಯುವ ಹದ ಅವರಿಗೇ ಗೊತ್ತಿದ್ದುದು. ಅರ್ಧ ಕೆಜಿ ಬಿಳಿ ಜೋಳಕ್ಕೆ ಬಿಸಿನೀರು ಚಿಮುಕಿಸಿ, ಕೈಯಾಡಿಸಿ, ಮುಚ್ಚಿಟ್ಟು, ಆಮೇಲೆ ನೆರಳಲ್ಲಿ ಆರಲು ಬಿಡಬೇಕು. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಒತ್ತಿ ತಿರುವಬೇಕು. ಚಟಪಟ ಅಂತ ಸಿಡಿದು ಬೆಳ್ಳಗೆ ಅರಳುತ್ತದೆ. ಅರಳದ ಕಾಳನ್ನು ಜರಡಿ ಹಿಡಿದು ತೆಗೆದುಬಿಡಿ, ಮಕ್ಕಳ ಹಲ್ಲಿಗೆ ಸಿಗಬಾರದು.

ಮಕ್ಕಳು ಬರುವ ಮೊದಲೇ ತೊಳೆದ ಬಿಳಿ ಚಾದರ ಹಾಸಿ ಅಳ್ಳನ್ನು ಹರಡಿಬಿಡುತ್ತೇನೆ. ಬಾಗಿಲು ತೆಗೆದಾಗ ನೆಲವೆಲ್ಲ ಬೆಳ್ಳಗೆ. "ಇದೇನ್ರಿ?" ಅಂತ ಕೇಳಿಯೇ ಕೇಳುತ್ತಾರೆ. ಇಸ್ರಾಯೇಲ್ಯರೂ ಅದನ್ನೇ ಕೇಳಿದ್ದು. ಕೈ ತೊಳೆದು ಬಂದು ಎಲ್ಲರೂ ಆಯ್ದುಕೊಳ್ಳಬೇಕು. ಆಮೇಲೆ ಒಂದೇ ಲೋಟದಲ್ಲಿ ಅಳೆಯುತ್ತೇವೆ. ಜಾಸ್ತಿ ಆಯ್ದವನದು ಕಡಿಮೆ ಆಯ್ದವಳ ಬಟ್ಟಲಿಗೆ ಹೋಗಿ, ಎಲ್ಲರಿಗೂ ಒಂದೊಂದು ಲೋಟ ಆಗಬೇಕು. ಮೇಲೆ ಅರ್ಧ ಚಮಚ ಜೇನು. ಅಕ್ಕನ ಸೊಂಟ ಏರಿ ಬರುವ ಕೂಸುಗಳು ಇರುತ್ತವಲ್ಲ, ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೂ ಬೇಡಿ. ಅಷ್ಟು ಎಳೆಯ ಹೊಟ್ಟೆಗೆ ಅದು ಅಪಾಯ.

ಮರುದಿನಕ್ಕೆ ಎತ್ತಿಟ್ಟ ಮನ್ನಕ್ಕೆ ಹುಳ ಬಿದ್ದು ನಾತ ಬಂದದ್ದನ್ನೂ ತೋರಿಸಬೇಕಲ್ಲ. ಒಂದು ತುಂಡು ರೊಟ್ಟಿಗೆ ನೀರು ಹಚ್ಚಿ ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟೆ. ಮುಂದಿನ ವಾರ ಹಸಿರು ಬೂಷ್ಟು. ಮುಚ್ಚಳ ತೆಗೆಯದೆ ಕೈಯಿಂದ ಕೈಗೆ ಕೊಟ್ಟು ನೋಡಿದರು. ನಾಳೆಗೂ ದೇವರು ಕೊಡುತ್ತಾನೆ ಅನ್ನುವ ಮಾತನ್ನು ಅದಾದ ಮೇಲೆ ಹೇಳಿದೆ.

ಹೊಟ್ಟೆಗಾಗಿ ಬೇರೆಯವರ ಹೊಲದಲ್ಲಿ ತೆನೆ ಆಯ್ದ ವಿಧವೆ ರೂತಳ ಪಾಠವನ್ನು ನಾನು ಬೇಕಂತಲೇ ಡಿಸೆಂಬರ್ ಕೊನೆಗೆ ಅಥವಾ ಜನವರಿಗೆ ಇಟ್ಟುಕೊಳ್ಳುತ್ತೇನೆ. ಆಗ ಸೀತನಿ, ಅಂದರೆ ಎಳೆ ಜೋಳದ ಕಾಲ. ಬೀದರಿನ ಚಳಿ ಗೊತ್ತಲ್ಲ, ಬೆಳಗ್ಗೆ ಎಂಟಕ್ಕೂ ಮಕ್ಕಳು ಕಿವಿಗೆ ಮಫ್ಲರ್ ಸುತ್ತಿಕೊಂಡೇ ಕೂರುತ್ತಾರೆ. ಹೊಲ ಇರುವ ಸಭೆಯ ಅಣ್ಣನೊಬ್ಬರು ಹಾಲು ತುಂಬಿದ ಜೋಳದ ತೆನೆ ಕಡಿದು ತರುತ್ತಾರೆ. ಅಂಗಳದಲ್ಲಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಗೋಣಿಚೀಲದ ಮೇಲೆ ತಿಕ್ಕಿ, ಮೊರದಲ್ಲಿ ಕೇರಿ, ಬಿಸಿಬಿಸಿ ಕೊಡುವುದು. ಜೊತೆಗೆ ಬೆಲ್ಲ. ಹೊಲದ ಒಡೆಯ ಬೋವಜನು ರೂತಳಿಗೆ ಕೊಟ್ಟದ್ದೂ ಹುರಿದ ಧಾನ್ಯವೇ. ಅದು ಜವೆಗೋಧಿಯ ಸುಗ್ಗಿ, ನಮ್ಮದು ಜೋಳ, ಅಷ್ಟೇ ವ್ಯತ್ಯಾಸ.

ಹಕ್ಕಲು ಆಯುವುದು, ಅಂದರೆ ಕೊಯ್ದ ಹೊಲದಲ್ಲಿ ಉಳಿದ ತೆನೆ ಆರಿಸುವುದು, ಪಟ್ಟಣದ ಮಕ್ಕಳಿಗೆ ಗೊತ್ತಿಲ್ಲ. ಆದರೆ ಮನೆಯ ಅಜ್ಜಿಯರಿಗೆ ಗೊತ್ತು. ಕೆಲವರು ಚಿಕ್ಕಂದಿನಲ್ಲಿ ಅದನ್ನೇ ಮಾಡಿ ಹೊಟ್ಟೆ ಹೊರೆದವರು. ನಾನು ಅಂಥ ಒಬ್ಬ ಅಜ್ಜಿಯನ್ನು ಕ್ಲಾಸಿಗೆ ಕರೆದು ಕೂರಿಸಿದೆ. "ಗೌಡರು ಬೈದರೆ ಉಡಿ ಬಿಚ್ಚಿ ಅಲ್ಲೇ ಸುರಿದು ಬರತಿದ್ದೆವು" ಅಂದರು. ರೂತಳಿಗಾಗಿ ಬೋವಜನು ಬೇಕೆಂದೇ ತೆನೆ ಬೀಳಿಸಿ ಹೋಗಿ ಅಂತ ಆಳುಗಳಿಗೆ ಹೇಳಿದ್ದು ಎಂಥ ದೊಡ್ಡ ಮಾತು ಅಂತ ನನಗೂ ಆವತ್ತೇ ಸರಿಯಾಗಿ ತಿಳಿದದ್ದು. ರೂತಳು ತಾನು ತಿಂದು ಉಳಿದದ್ದನ್ನು ಅತ್ತೆ ನೊವೊಮಿಗೆ ಒಯ್ದಳು. ಅದಕ್ಕೇ ಪ್ರತಿ ಮಗುವಿಗೂ ಒಂದು ಕಾಗದದ ಪೊಟ್ಟಣ ಕೊಡುತ್ತೇನೆ. ಮನೆಯಲ್ಲಿರುವ ಹಿರಿಯರಿಗೆ ಒಂದು ಹಿಡಿ ಸೀತನಿ ಹೋಗಲೇಬೇಕು.

ಯೇಸು ಐದು ರೊಟ್ಟಿ ಎರಡು ಮೀನಿನಿಂದ ಸಾವಿರಾರು ಜನರಿಗೆ ಉಣಿಸಿದ ಕಥೆ ನಾಲ್ಕೂ ಸುವಾರ್ತೆಗಳಲ್ಲಿದೆ. ಆದರೆ ರೊಟ್ಟಿ ತಂದವನು ಒಬ್ಬ ಹುಡುಗ, ಅದು ಜವೆಗೋಧಿಯ ರೊಟ್ಟಿ ಅನ್ನುವುದು ಯೋಹಾನನಲ್ಲಿ ಮಾತ್ರ. ಮಕ್ಕಳಿಗೆ ಆ ಹುಡುಗನೇ ಮುಖ್ಯ. ಮೊದಲ ವರ್ಷ ಎಲ್ಲರಿಗೂ ಬೇರೆ ಬೇರೆ ಪೊಟ್ಟಣ ಕಟ್ಟಿಕೊಟ್ಟಿದ್ದೆ. ಎಲ್ಲರೂ ಅವರವರದು ತಿಂದರು, ಹಂಚುವ ಕಥೆಯಲ್ಲಿ ಹಂಚುವುದೇ ಇರಲಿಲ್ಲ. ಈಗ ಒಂದೇ ಡಬ್ಬಿ, ಒಬ್ಬನ ಕೈಯಲ್ಲಿ. ಐದು ಕಡಕ್ ಜೋಳದ ರೊಟ್ಟಿ, ಶಂಕರಪೋಳಿ ಹಿಟ್ಟಿನಲ್ಲಿ ಕತ್ತರಿಸಿ ಕರಿದ ಅಂಗೈ ಅಗಲದ ಎರಡು ಮೀನು. ಒಂದೊಂದು ರೊಟ್ಟಿ ಆರು ತುಂಡು, ಮೂವತ್ತು ಮಕ್ಕಳು. ಡಬ್ಬಿ ಹಿಡಿದ ಮಗುವೇ ಪ್ರಾರ್ಥನೆ ಆದ ಮೇಲೆ ಮುರಿದು ಕೊಡಬೇಕು.

ಅಷ್ಟರಿಂದ ಹೊಟ್ಟೆ ತುಂಬುವುದಿಲ್ಲ. ಹಿಂದೆ ಬುಟ್ಟಿಯಲ್ಲಿ ಇನ್ನಷ್ಟು ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇರುತ್ತದೆ. ಅದನ್ನು ಅಮ್ಮಂದಿರು ಮಾಡಿದ್ದು ಅಂತ ಹೇಳಿಯೇ ಕೊಡುತ್ತೇನೆ. ಬಟ್ಟೆ ಸರಿಸಿ ರೊಟ್ಟಿ ತಾನೇ ಹೆಚ್ಚಾಯಿತು ಅಂತ ಆಟ ಕಟ್ಟುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮಗು ಒಂದು ದಿನ ಆ ಬಟ್ಟೆಯ ಕೆಳಗೆ ನೋಡುತ್ತದೆ, ಆಮೇಲೆ ಕಥೆಯನ್ನೂ ನಂಬುವುದಿಲ್ಲ. ಕೊನೆಗೆ, ಕಥೆಯಲ್ಲಿ ಹನ್ನೆರಡು ಬುಟ್ಟಿ ತುಂಬಿದ ಹಾಗೆ, ಉಳಿದ ಚೂರುಗಳನ್ನು ಹನ್ನೆರಡು ಬಟ್ಟಲಿಗೆ ಆಯ್ದು ತುಂಬಿಸುತ್ತೇವೆ.

ಇಸ್ರಾಯೇಲ್ಯರು ಐಗುಪ್ತ ಬಿಟ್ಟು ಹೊರಡುವ ರಾತ್ರಿ ಅವಸರದಲ್ಲಿ ಹುಳಿಯಿಲ್ಲದ ರೊಟ್ಟಿ ತಿಂದ ಪಸ್ಕದ ಪಾಠ ನಮಗೆ ಬಹಳ ಸುಲಭ. ರೊಟ್ಟಿಗೆ ಹುಳಿ ಹಾಕುವುದೇ ಇಲ್ಲವಲ್ಲ. ಪಕ್ಕದಲ್ಲಿ ಒಂದು ಪಾವ್ ಇಟ್ಟು ಎರಡನ್ನೂ ಮುರಿದು ನೋಡಲು ಹೇಳಿ, ಯಾವುದಕ್ಕೆ ಹೊತ್ತು ಬೇಕು ಅಂತ ಕೇಳಿ. ಕಹಿ ಸೊಪ್ಪಿಗೆ ಹಸಿ ಮೆಂತ್ಯ. ಚಪ್ಪಲಿ ಹಾಕಿಕೊಂಡು, ಕೋಲು ಹಿಡಿದು, ನಿಂತೇ ತಿನ್ನಬೇಕು. ಗೊಲ್ಯಾತನನ್ನು ಕವಣೆಯಿಂದ ಕೆಡವಿದ ದಾವೀದನ ಪಾಠಕ್ಕೆ ಐದು ಶೇಂಗಾ ಉಂಡೆ. ಅವನು ಹಳ್ಳದಿಂದ ಆಯ್ದದ್ದು ಐದು ಕಲ್ಲು, ಬೀಸಿದ್ದು ಒಂದೇ. ಅದಕ್ಕೆ ಒಂದು ಇಲ್ಲಿ ತಿಂದು ನಾಲ್ಕು ಮನೆಗೆ. ನೋಹನ ಕಾಮನಬಿಲ್ಲಿಗೆ ಪಪ್ಪಾಯಿ, ಪೇರಲ, ದ್ರಾಕ್ಷಿ ಜೋಡಿಸಬಹುದು. ನೋಡಲು ಚಂದ, ಆದರೆ ಅದರಲ್ಲಿ ಮಗುವಿಗೆ ಮಾಡಲು ಏನೂ ಇಲ್ಲ. ನಾನು ಈಗ ಬಿಟ್ಟಿದ್ದೇನೆ.

ಶೇಂಗಾ ಕೆಲವು ಮಕ್ಕಳಿಗೆ ಆಗಿಬರುವುದಿಲ್ಲ. ವರ್ಷದ ಮೊದಲ ಭಾನುವಾರವೇ ತಾಯಂದಿರನ್ನು ಕೇಳಿ ಹಾಜರಿ ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಬರೆದಿಡಿ. ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ ಕಾಳು, ಇಡೀ ದ್ರಾಕ್ಷಿ ಬೇಡ, ಗಂಟಲಿಗೆ ಸಿಕ್ಕುತ್ತದೆ. ಅವರ ಮೀನಿಗೆ ಎರಡು ಕಣ್ಣು ಇಟ್ಟು ಗುರುತು ಮಾಡಿ, ಒಣದ್ರಾಕ್ಷಿಯನ್ನು ಸಣ್ಣಗೆ ಹೆಚ್ಚಿ ಹಾಕುತ್ತೇನೆ. ಎಲ್ಲರೂ ಕೂತು ತಿನ್ನಲಿ, ಬಾಯಲ್ಲಿ ಇಟ್ಟುಕೊಂಡು ಓಡುವುದು ಬೇಡ. ಪಸ್ಕದ ದಿನವೂ ನಿಲ್ಲುವುದು ಅಷ್ಟೇ, ಓಡುವುದಿಲ್ಲ. ಬೇಸಿಗೆ ರಜೆಯ ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ) ದಿನಗಳಲ್ಲಿ ಚಾಕೊಲೇಟು, ಕ್ರೀಮು ತರಲೇಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಹತ್ತು ನಿಮಿಷವೂ ತಡೆಯುವುದಿಲ್ಲ. ಮಜ್ಜಿಗೆ, ಅಳ್ಳು, ರೊಟ್ಟಿ ಸಾಕು.

ಬರುವ ಭಾನುವಾರ ಏಸಾವನ ಪಾಠ. ಹಸಿದು ಬಂದು ಒಂದು ಊಟದ ಬೇಳೆಗೆ ಚೊಚ್ಚಲತನದ ಹಕ್ಕನ್ನೇ ತಮ್ಮನಿಗೆ ಮಾರಿದವನು ಅವನು. ಗಂಜಿನಿಂದ ಒಂದು ಕೆಜಿ ಮಸೂರ ಬೇಳೆ ತಂದಿಟ್ಟಿದ್ದೇನೆ. ಕೆಂಪು ಬೇಳೆ ಬೆಂದರೆ ಹಳದಿಗೆ ತಿರುಗುತ್ತದೆ, ಏಸಾವ ಕೇಳಿದ್ದು ಆ ಕೆಂಪಾದದ್ದನ್ನು. ಅದಕ್ಕೆ ನಾಲ್ಕು ಹಣ್ಣಾದ ಟೊಮ್ಯಾಟೊ, ಅರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿ ಹಾಕಬೇಕು. ಬಣ್ಣ ಬರುತ್ತದೆ, ಖಾರ ಆಗುವುದಿಲ್ಲ. ಮನೆಯಲ್ಲಿ ಕುದಿಸಿ ಒಯ್ಯುವುದಿಲ್ಲ. ಕ್ಲಾಸಿನ ಕಿಟಕಿ ಹೊರಗೆ ಚಿಕ್ಕ ಗ್ಯಾಸ್ ಒಲೆ ಇಟ್ಟು, ಹಾಡು ಶುರುವಾದ ಕೂಡಲೇ ಬೆಳ್ಳುಳ್ಳಿ ಒಗ್ಗರಣೆ ಕೊಡಬೇಕು. ವಾಸನೆ ಒಳಗೆ ಬಂದ ಮೇಲೆಯೇ ಕಥೆ. ಹೋದ ಸಲ ಹೀಗೆ ಮಾಡಿ, ಈ ಒಂದು ಬಟ್ಟಲಿಗೆ ಏನು ಕೊಡುತ್ತೀರಿ ಅಂತ ಕೇಳಿದ್ದೆ. ಒಬ್ಬಳು ಪೆನ್ಸಿಲ್ ಅಂದಳು. ಇನ್ನೊಬ್ಬ ಸೈಕಲ್ ಅಂದ. ಹಿಂದೆ ಕೂತ ಚಿಕ್ಕವಳು ಬಹಳ ಹೊತ್ತು ಯೋಚಿಸಿ, "ಮೊದಲು ಎಷ್ಟು ಹೊತ್ತಾಗತದ ಅಂತ ಕೇಳತೀನ್ರಿ" ಅಂದಳು. ಅವಳಿಗೇ ಮೊದಲ ಬಟ್ಟಲು ಕೊಟ್ಟೆ.