ಡಲ್ಲಾಸ್‌ಗೆ ಬಂದ ಹಾಸನ, ಚಿಕ್ಕಮಗಳೂರಿನವರಿಗೆ: ಸೈರನ್ ಕೂಗಿದರೆ ಹೊರಗೆ ಬರಬೇಡಿ

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಗಾಳಿಮಳೆ ಹೊಸದಲ್ಲ. ತೊಂದರೆ ಇರುವುದೇ ಅಲ್ಲಿ. ಆಕಾಶ ಕಪ್ಪಿಟ್ಟರೆ ಜಗಲಿಗೆ ಬಂದು ಸಿಲ್ವರ್ ಮರ ಯಾವ ಕಡೆ ವಾಲುತ್ತೆ ಅಂತ ನೋಡುವ ರೂಢಿ ನಮ್ಮದು. ಇಲ್ಲೂ ಟಾರ್ನೇಡೊ (ಸುಂಟರಗಾಳಿ) ಬರುತ್ತಿದೆ ಅಂತ ಸೈರನ್ ಕೂಗಿದರೆ ಫೋನ್ ಹಿಡಿದು ವಿಡಿಯೊ ತೆಗೆಯಲು ಹಿತ್ತಲಿಗೆ ಇಳಿಯುವವರಿದ್ದಾರೆ. ಆ ಸೈರನ್ ಇರುವುದು ಹೊರಗಿದ್ದವರನ್ನು ಒಳಗೆ ಕಳಿಸಲಿಕ್ಕೆ. ಎಸಿ ಹಾಕಿ ಮಲಗಿದವರಿಗೆ ಕೇಳಿಸದೆಯೂ ಹೋಗಬಹುದು. ಫೋನಿನ ಎಮರ್ಜೆನ್ಸಿ ಅಲರ್ಟ್ ಆಫ್ ಮಾಡಬೇಡಿ, ಹವಾಮಾನದ ಎಚ್ಚರಿಕೆ ಕೊಡುವ ಬ್ಯಾಟರಿ ವೆದರ್ ರೇಡಿಯೊ ಒಂದಿರಲಿ. ವಾಚ್ ಅಂದರೆ ತಯಾರಾಗಿರಿ, ವಾರ್ನಿಂಗ್ ಅಂದರೆ ಆ ಕ್ಷಣವೇ ಒಳಕ್ಕೆ.

ಮಳೆಗಾಲದ ಗಾಳಿ ಇಡೀ ಊರಿಗೆ ಬೀಸುತ್ತದೆ. ಟಾರ್ನೇಡೊ ಹಾಗಲ್ಲ, ಕಿರಿದಾದ ಪಟ್ಟಿಯಲ್ಲಿ ಸಾಮಾನ್ಯವಾಗಿ ನೈಋತ್ಯದಿಂದ ಈಶಾನ್ಯಕ್ಕೆ ಸಾಗುತ್ತದೆ. ಒಂದು ಮನೆ ನೆಲಸಮ, ಹಿಂದಿನ ಬೀದಿಯಲ್ಲಿ ಹೂಕುಂಡವೂ ಅಲ್ಲಾಡಿರುವುದಿಲ್ಲ. 2019ರ ಅಕ್ಟೋಬರ್ 20ರ ರಾತ್ರಿ ಉತ್ತರ ಡಲ್ಲಾಸ್, ರಿಚರ್ಡ್‌ಸನ್ ಬಡಾವಣೆಗಳನ್ನು ಸುಮಾರು 15 ಮೈಲಿ ಸೀಳಿದ್ದು ಇಎಫ್-3 (ಟಾರ್ನೇಡೊ ಬಲವನ್ನು 0ರಿಂದ 5ರವರೆಗೆ ಅಳೆಯುವ ಮಾಪಕದಲ್ಲಿ 3), ಜೀವ ಹೋಗಲಿಲ್ಲ. 2015ರ ಡಿಸೆಂಬರ್ 26ರಂದು ಗಾರ್ಲೆಂಡ್, ರೌಲೆಟ್‌ಗೆ ಬಂದ ಇಎಫ್-4ರಲ್ಲಿ 10 ಜನ ಸತ್ತರು, ಹೆಚ್ಚಿನವರು ಹೆದ್ದಾರಿಯಲ್ಲಿ ಕಾರಿನೊಳಗಿದ್ದವರು. ಏಪ್ರಿಲ್, ಮೇನಲ್ಲಿ ಮಾತ್ರ ಬರುತ್ತದೆ ಅಂತ ನಂಬಿ ಕೂರಬೇಡಿ.

ಮನೆಯ ದುರ್ಬಲ ಜಾಗ ಗ್ಯಾರೇಜ್ ಬಾಗಿಲು. ಎರಡು ಕಾರಿನದಾದರೆ 16 ಅಡಿ ಅಗಲದ ತೆಳು ತಗಡು. ಅದು ಒಳಕ್ಕೆ ಬಾಗಿ ಕಿತ್ತುಕೊಂಡರೆ ನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ದೂಡುತ್ತದೆ, ಮೇಲೆ ಹಾಯುವ ಗಾಳಿ ಎಳೆಯುತ್ತದೆ. ಮಾಡು ಎದ್ದರೆ ಆಸರೆ ತಪ್ಪಿದ ಗೋಡೆ ಬೀಳುತ್ತದೆ. ಮನೆ ಕೊಳ್ಳುವಾಗ ಅಡುಗೆಮನೆಯ ಗ್ರಾನೈಟ್ ಸವರಿ ನೋಡುವ ನಾವು ಅಟ್ಟ ಹತ್ತಿ ರಾಫ್ಟರ್ ಗೋಡೆಗೆ ಕೂರುವಲ್ಲಿ ಉಕ್ಕಿನ ಕ್ಲಿಪ್ ಇದೆಯೋ, ಬರೀ ಮೊಳೆಯೋ ಅಂತ ನೋಡುವುದಿಲ್ಲ. ಗ್ಯಾರೇಜ್ ಬಾಗಿಲಿಗೆ ಬ್ರೇಸಿಂಗ್ (ಬಾಗದಂತೆ ಆಸರೆಪಟ್ಟಿ) ಹಾಕಿಸಿ. ಕಿಟಕಿ ತೆರೆದಿಟ್ಟರೆ ಒತ್ತಡ ಸಮನಾಗಿ ಮನೆ ಉಳಿಯುತ್ತದೆ ಅನ್ನುವುದು ಶುದ್ಧ ಸುಳ್ಳು.

ಇಲ್ಲಿ ನೆಲಮಾಳಿಗೆ ಅಪರೂಪ. ಅಡಗುವ ಜಾಗ ಅಂದರೆ ಕೆಳಗಿನ ಮಹಡಿಯ ನಟ್ಟನಡುವಿನ ಕಿಟಕಿಯಿಲ್ಲದ ಬಚ್ಚಲು, ಇಲ್ಲವೇ ಮೆಟ್ಟಿಲ ಕೆಳಗಿನ ಕ್ಲೋಸೆಟ್. ನಮ್ಮವರ ಮನೆಗಳಲ್ಲಿ ಅಲ್ಲಿ ಅಕ್ಕಿ ಮೂಟೆ, ಸೂಟ್‌ಕೇಸು, ಇಲ್ಲವೇ ದೇವರು. ಮೂಟೆ ತೆಗೆಯಿರಿ, ದೇವರ ಜೊತೆ ಕೂರುವುದಾದರೆ ದೀಪ ಆರಿಸಿ. ಗಟ್ಟಿ ಅಟ್ಟೆಯ ಶೂ, ಸೈಕಲ್ ಹೆಲ್ಮೆಟ್, ಟಾರ್ಚು, ಸೀಟಿ ಅಲ್ಲೇ ಇರಲಿ. ಊರಿಂದ ಅಪ್ಪ ಅಮ್ಮ ಬರುವುದು ಬಹುತೇಕ ಏಪ್ರಿಲ್, ಮೇನಲ್ಲಿ, ಟಾರ್ನೇಡೊ ಜೋರಿರುವಾಗಲೇ. ಹಗಲು ಅವರಿಬ್ಬರೇ ಮನೆಯಲ್ಲಿರುತ್ತಾರೆ, ಬಂದ ವಾರವೇ ಜಾಗ ತೋರಿಸಿ. ಮಕ್ಕಳನ್ನೇ ಕೇಳಿ, ಗೋಡೆಗೆ ಮುಖ ಮಾಡಿ ಕತ್ತು ಮುಚ್ಚಿ ಕೂರುವುದನ್ನು ಶಾಲೆಯಲ್ಲಿ ಕಲಿತಿರುತ್ತವೆ. ಬಟ್ಟಲು ಹಿಡಿದು ಆಲಿಕಲ್ಲು ಆಯಲು ಓಡುವ ಖುಷಿ ಇವಕ್ಕೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಇಲ್ಲಿ ಕ್ಷೇಮ ಅನ್ನುವುದು ನುಂಗಲಾರದ ಮಾತು.

ಗಾಳಿ ಹೋದಮೇಲೆ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಬನ್ನಿ. ಗುಡಿಸುವ ಮೊದಲೇ ಫೋಟೊ, ಆಮೇಲೆ ಮಾಡಿಗೆ ಟಾರ್ಪಾಲು, ರಸೀದಿ ಜೋಪಾನ. ವಿಮೆ ಪಾಲಿಸಿಯಲ್ಲಿ ಗಾಳಿ, ಆಲಿಕಲ್ಲಿನ ಡಿಡಕ್ಟಿಬಲ್ (ನಷ್ಟದಲ್ಲಿ ನೀವೇ ಭರಿಸುವ ಪಾಲು) ಶೇಕಡಾ 2 ಅಂತಿದ್ದರೆ 4 ಲಕ್ಷ ಡಾಲರ್ ವಿಮೆಯ ಮನೆಗೆ 8,000 ನಿಮ್ಮ ಕೈಯಿಂದ. ಅದನ್ನು ಬಿಟ್ಟುಕೊಡುತ್ತೇವೆ ಅಂತ ಬಾಗಿಲು ತಟ್ಟುವ ರೂಫರ್‌ಗೆ (ಮಾಡು ರಿಪೇರಿಯವನಿಗೆ) ಸಹಿ ಹಾಕಬೇಡಿ; ಟೆಕ್ಸಾಸ್‌ನಲ್ಲಿ 2019ರಿಂದ ಹಾಗೆ ಬಿಟ್ಟುಕೊಡುವುದು ಅಪರಾಧ.