ಹೃದಯದ ಸುತ್ತ ನೀರು ಅಂದರೆ ಬರೀ ಟಿಬಿ ಅಲ್ಲ

ಬಳ್ಳಾರಿಯಲ್ಲಿ ಹೃದಯದ ಸುತ್ತ ನೀರು ತುಂಬಿದವರು ಬಂದರೆ ನಾವು ಮೊದಲು ನೆನೆಯೋದು ಟಿಬಿಯನ್ನು. ಅದು ಸರಿಯೇ, ನಮ್ಮಲ್ಲಿ ಅದೇ ಜಾಸ್ತಿ. ಆದರೆ ನೀರಿನ ರಿಪೋರ್ಟ್ ಬರುವ ಮುಂಚೆಯೇ ಟಿಬಿ ಮಾತ್ರೆ ಜೊತೆ ಸ್ಟೆರಾಯ್ಡ್ ಶುರು ಮಾಡುವ ರೂಢಿ ಇದೆಯಲ್ಲ, ಅದಕ್ಕೆ ನನ್ನ ತಕರಾರಿದೆ.

ಸಿರುಗುಪ್ಪ ಕಡೆಯ ವಯಸ್ಸಾದ ರೈತರೊಬ್ಬರು ಬಂದಿದ್ದರು. "ಮಲ್ಕೊಂಡ್ರೆ ಉಸುರು ಕಟ್ತೈತ್ರೀ ಸರ್, ಕುಂತೇ ನಿದ್ದಿ ಮಾಡ್ತೀನಿ" ಅಂದರು. ಮುಖ, ಕುತ್ತಿಗೆ ಊದಿದ್ದವು. ಎಕೋದಲ್ಲಿ ನೀರಂತೂ ಇತ್ತು. ಜೊತೆಗೆ ಬಲಗಡೆಯ ಮೇಲಿನ ಕೋಣೆಯಲ್ಲಿ ಒಂದು ಗಡ್ಡೆ. ಹೃದಯದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಮಿಕ್ಸೋಮಾ ಗಡ್ಡೆ ಸಾಮಾನ್ಯವಾಗಿ ಎಡಗಡೆ ಇರುತ್ತದೆ, ತೊಟ್ಟಿಗೆ ಜೋತುಬಿದ್ದ ಕಾಯಿಯ ಹಾಗೆ ಅಲ್ಲಾಡುತ್ತದೆ. ಇದು ಅಲ್ಲಾಡಲಿಲ್ಲ. ಅಗಲವಾಗಿ ಗೋಡೆಯೊಳಗೇ ಹರಡಿಕೊಂಡಿತ್ತು. ಆಗಲೇ ನನಗೆ ಲಿಂಫೋಮಾದ, ಅಂದರೆ ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್‌ನ ಅನುಮಾನ ಬಂತು.

ಸೂಜಿ ಹಾಕಿ ತೆಗೆದ ನೀರು ಕೆಂಪಗಿತ್ತು. ಟಿಬಿಯಲ್ಲಿ ಏರುವ ಎಡಿಎ ಎಂಬ ಕಿಣ್ವ ಜಾಸ್ತಿ ಬಂತು. ಹಾಗಾದರೆ ಟಿಬಿಯೇ ಅಲ್ವಾ ಅಂತ ಜೊತೆಯ ಡಾಕ್ಟರು ಕೇಳಿದರು. ಲಿಂಫೋಮಾದಲ್ಲೂ ಎಡಿಎ ಏರಬಹುದು. ಸ್ಟೆರಾಯ್ಡ್ ಕೊಟ್ಟಿದ್ದರೆ ಆ ಜೀವಕೋಶಗಳು ಕರಗಿ, ರೋಗಿಗೆ ಸ್ವಲ್ಪ ದಿನ ಹಗುರಾಗಿ, ಬಯಾಪ್ಸಿಯಲ್ಲಿ ಏನೂ ಸಿಗದೆ ಹೋಗುವ ಅಪಾಯವಿತ್ತು. ಅದಕ್ಕೇ ತಡೆದೆ. ನೀರಿನಲ್ಲಿರುವ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸೈಟಾಲಜಿಗೆ, ಅವನ್ನು ಗಟ್ಟಿ ಮಾಡಿ ತೆಳ್ಳಗೆ ಕೊಯ್ದು ನೋಡುವ ಸೆಲ್ ಬ್ಲಾಕ್‌ಗೆ ಕಳಿಸಿದೆ. ದೊಡ್ಡ ದೊಡ್ಡ ಬಿ ಜೀವಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ), ಅವುಗಳ ಗುರುತಾದ ಸಿಡಿ20 ಪಾಸಿಟಿವ್. ಲಿಂಫೋಮಾವೇ. ನೀರಲ್ಲೇ ಉತ್ತರ ಸಿಕ್ಕಿದ್ದರಿಂದ ಕುತ್ತಿಗೆಯ ರಕ್ತನಾಳದಿಂದ ಕೊಳವೆ ಹಾಕಿ ಹೃದಯದ ತುಣುಕು ತೆಗೆಯುವುದು ತಪ್ಪಿತು.

"ಕೊಯ್ದು ತೆಗೆದುಬಿಡ್ರಿ ಸರ್" ಅಂತ ಮಗ ಬೇಡಿಕೊಂಡ. ಇದು ಆಪರೇಷನ್‌ನಿಂದ ವಾಸಿಯಾಗುವ ಕಾಯಿಲೆ ಅಲ್ಲ, ಔಷಧಿಗೆ ಬಗ್ಗುವಂಥದ್ದು ಅಂತ ಕೂರಿಸಿಕೊಂಡು ಹೇಳಿದೆ. ಬೆಂಗಳೂರಿಗೆ ಕಳಿಸಿದೆವು. ಅಲ್ಲಿ ಪೆಟ್ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಗಡ್ಡೆ ಕಾಣಲಿಲ್ಲ. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿದರು. ಸಿಡಿ20 ಇರುವ ಜೀವಕೋಶಗಳಿಗೆ ಗುರಿಯಿಡುವ ರಿಟುಕ್ಸಿಮ್ಯಾಬ್ ಔಷಧಿ ಕೊಟ್ಟರೆ ಸುಮ್ನೆ ಮಲಗಿದ್ದ ಆ ವೈರಸ್ ಏಳಬಹುದು.

ಆಮೇಲೆ 21 ದಿನಕ್ಕೊಮ್ಮೆ ಆರ್-ಚಾಪ್, ಅಂದರೆ ರಿಟುಕ್ಸಿಮ್ಯಾಬ್ ಜೊತೆ ಕೀಮೋ ಔಷಧಿಗಳು ಮತ್ತು ಸ್ಟೆರಾಯ್ಡ್. ಮೊದಲ ಸುತ್ತಿನಲ್ಲೇ ಎಲ್ಲರಿಗೂ ಭಯ. ಗಡ್ಡೆ ಗೋಡೆಯನ್ನೇ ತಿಂದಿದ್ದರೆ, ಅದು ಬೇಗ ಕರಗಿದಾಗ ಹೃದಯ ಅಲ್ಲೇ ಹರಿಯಬಹುದು. ರೋಗ ಖಚಿತವಾಗಿದ್ದರಿಂದ ಈಗ ಸ್ಟೆರಾಯ್ಡ್‌ಗೆ ಅಡ್ಡಿ ಇರಲಿಲ್ಲ. ಅದಕ್ಕೆ ಮೊದಲು ಬರೀ ಸ್ಟೆರಾಯ್ಡ್ ಕೊಟ್ಟು, ಮಾನಿಟರ್ ಹಾಕಿ, ನಿಧಾನಕ್ಕೆ ಶುರು ಮಾಡಿದರು. ಆರ್-ಚಾಪ್‌ನಲ್ಲಿರುವ ಡಾಕ್ಸೋರುಬಿಸಿನ್ ಎಂಬ ಕೀಮೋ ಔಷಧಿ ಹೃದಯವನ್ನು ಸೊರಗಿಸಬಹುದು. ಹಾಗಾಗಿ ನಡುನಡುವೆ ಎಕೋ, ರಕ್ತ ಪರೀಕ್ಷೆ ನಮ್ಮಲ್ಲೇ ಮಾಡಿದೆವು. ಗಡ್ಡೆ ಕುಗ್ಗುತ್ತಾ ಬಂತು. ಅವರು ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡತೊಡಗಿದರು.

ಈಗ ಹೃದಯದ ಸುತ್ತಲಿಂದ ಕೆಂಪು ನೀರು ಬಂದರೆ ಎಡಿಎ ಚೀಟಿಯ ಜೊತೆಗೆ ಸೆಲ್ ಬ್ಲಾಕ್ ಚೀಟಿಯನ್ನೂ ಬರೆಯುತ್ತೇನೆ.