ಕಕ್ಕಡದ ಮಳೆಯಲ್ಲಿ ಒಂದು ಕೊಡಗಿನ ಅಡುಗೆಮನೆ

ಮೈಸೂರಿನಿಂದ ಕೊಡಗಿಗೆ ಹೋಗಿಬರುವವರಲ್ಲಿ ಹೆಚ್ಚಿನವರು ಮಳೆ ನಿಂತ ಮೇಲೆಯೇ, ನೋಡಬೇಕಾದ ಜಲಪಾತ ಮತ್ತು ಬೆಟ್ಟಗಳ ಪಟ್ಟಿ ಹಿಡಿದು ಹೊರಡುತ್ತಾರೆ. ನಾನು ಮತ್ತು ನನ್ನ ಪತ್ನಿ ಹೋದದ್ದು ಸ್ವಾತಂತ್ರ್ಯ ದಿನ ಶುಕ್ರವಾರ ಬಂದಿದ್ದ 2025ರ ಆಗಸ್ಟ್ ರಜೆಯಲ್ಲಿ, ಕೊಡವ ಪಂಚಾಂಗದ ಕಕ್ಕಡ ತಿಂಗಳು ಇನ್ನೇನು ಮುಗಿಯಲಿದ್ದ ಹೊತ್ತಿನಲ್ಲಿ. ಕೊಡಗಿನ ಊಟವನ್ನು ತಿಳಿಯಬೇಕೆಂದಿದ್ದರೆ ಮಳೆಗಾಲದಲ್ಲಿಯೇ ಬರಬೇಕೆಂಬುದು ನಾಪೋಕ್ಲು ಬಳಿಯ ಕಾಫಿ ತೋಟದಲ್ಲಿರುವ ನನ್ನ ಹಾಸ್ಟೆಲ್ ಕಾಲದ ಸ್ನೇಹಿತನ ಬಹುದಿನದ ವಾದವಾಗಿತ್ತು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬರುವ ಈ ತಿಂಗಳಲ್ಲಿ ಕೊಡವರು ಶುಭಕಾರ್ಯಗಳನ್ನು ಇಟ್ಟುಕೊಳ್ಳುವುದಿಲ್ಲ. ಹಗಲು ಗದ್ದೆಯಲ್ಲಿ ನಾಟಿಯ ಕೆಲಸ, ಸಂಜೆ ಒಲೆಯ ಮುಂದೆ ಮೈ ಕಾಯಿಸಿಕೊಳ್ಳುವುದು. ಆ ಒಲೆಯ ಮೇಲೆ ಬೇಯುವುದೆಲ್ಲ ಮಳೆಯೇ ಕೊಟ್ಟದ್ದು: ಕಣಿಲೆ, ಅಣಬೆ, ಕೆಸು, ಗದ್ದೆ ಏಡಿ.

ಇಂತಹ ಪ್ರವಾಸದ ಸಿದ್ಧತೆ ಹೊರಡುವ ದಿನ ಆರಂಭವಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ನಾನು ಒಂದು ವಾರ ಮುಂಚೆ ಸ್ನೇಹಿತನಿಗೆ ಫೋನು ಮಾಡಿದಾಗ ಅವನು ಕೇಳಿದ್ದು ನಾವು ಎಷ್ಟು ಗಂಟೆಗೆ ಬರುತ್ತೇವೆ ಎಂದಲ್ಲ, ಕಣಿಲೆ ತಿನ್ನುತ್ತೇವೆಯೇ ಎಂದು. ಎಳೆಯ ಬಿದಿರಿನ ಮೊಳಕೆಯನ್ನು ಹಸಿಯಾಗಿ ಬೇಯಿಸಿ ಬಡಿಸುವಂತಿಲ್ಲ. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ವಿಷಾಂಶವಿರುತ್ತದೆ. ಆದ್ದರಿಂದ ಸಿಪ್ಪೆ ಸುಲಿದು, ತೆಳುವಾಗಿ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ಪ್ರತಿದಿನ ನೀರು ಬದಲಿಸಿ, ಕೊನೆಗೆ ಚೆನ್ನಾಗಿ ಕುದಿಸಿ ಆ ನೀರನ್ನೂ ಚೆಲ್ಲಬೇಕು. ಶುಕ್ರವಾರ ಮಧ್ಯಾಹ್ನ ನಮ್ಮ ತಟ್ಟೆಗೆ ಬಂದ ಬೈಂಬಳೆ ಕರಿಗೆ ಮಂಗಳವಾರವೇ ತೋಟದ ಅಂಚಿನ ಬಿದಿರು ಮೆಳೆಯಲ್ಲಿ ಕತ್ತಿ ಬಿದ್ದಿತ್ತು. ನೆನೆದ ಕಣಿಲೆಗೆ ಬರುವ ಸಣ್ಣ ಹುಳಿವಾಸನೆ ಮೊದಲ ಸಲ ತಿನ್ನುವವರಿಗೆ ಅಷ್ಟು ಹಿಡಿಸದು. ಆದರೆ ತೆಂಗಿನಕಾಯಿ ಮತ್ತು ಸಾಸಿವೆ ಅರೆದ ಮಸಾಲೆಯಲ್ಲಿ ಅದೇ ವಾಸನೆ ಆ ಪಲ್ಯದ ಗುಣವಾಗಿಬಿಡುತ್ತದೆ. ನೆಂಟರ ಮನೆಗಾದರೂ ಸರಿ, ಹೋಂಸ್ಟೇಗಾದರೂ ಸರಿ, ಏನು ತಿನ್ನಬೇಕೆಂದಿದೆ ಎಂಬುದನ್ನು ವಾರ ಮುಂಚಿತವಾಗಿ ಹೇಳಿಬಿಡುವುದು ಒಳ್ಳೆಯದು. ಹೋದ ಮೇಲೆ ಕೇಳಿದರೆ ಸಿಗುವುದು ಎಲ್ಲ ಕಾಲದಲ್ಲೂ ಸಿಗುವ ಊಟವೇ.

ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹುಣಸೂರು, ಆನೆಚೌಕೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆಯ ಮೂಲಕ ಹೋದೆವು. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದದ್ದನ್ನು ಮರೆತು ಈ ತಿಂಗಳಲ್ಲಿ ಕೊಡಗಿಗೆ ಹೊರಡಬಾರದು. ಜಿಲ್ಲಾಡಳಿತದ ಮಳೆ ಮುನ್ಸೂಚನೆಯನ್ನು ಹಿಂದಿನ ದಿನವೂ ಹೊರಡುವ ಬೆಳಿಗ್ಗೆಯೂ ನೋಡಿಕೊಂಡೆವು. ಭಾಗಮಂಡಲದ ತ್ರಿವೇಣಿ ಸಂಗಮ ತುಂಬಿದರೆ ನಾಪೋಕ್ಲು ಕಡೆಯ ರಸ್ತೆಯ ಮೇಲೆ ನೀರು ನಿಲ್ಲುವುದುಂಟು. ಭಾಗಮಂಡಲದ ದಿಕ್ಕಿಗೆ ಹೋಗುವ ಆಲೋಚನೆಯನ್ನೇ ಬಿಟ್ಟಿದ್ದೆವು.

ನನ್ನ ಪತ್ನಿ ಮಾಂಸ ತಿನ್ನುವುದಿಲ್ಲ. ಹೊರಡುವ ಮೊದಲು ನಮ್ಮ ಬಂಧುಗಳಲ್ಲಿ ಅನೇಕರು, ಕೊಡಗಿನಲ್ಲಿ ಅವಳು ಮೊಸರನ್ನ ತಿಂದುಕೊಂಡಿರಬೇಕಾದೀತು ಎಂದು ನಕ್ಕಿದ್ದರು. ಕೊಡಗಿನ ಅಡುಗೆಯೆಂದರೆ ಹಂದಿ ಮಾಂಸದ ಪಂದಿ ಕರಿಯೊಂದೇ ಎಂಬ ಈ ತಿಳಿವಳಿಕೆಯನ್ನು ಹರಡಿದ್ದು ಪೇಟೆಯ ಹೋಟೆಲುಗಳ ಮೆನು ಎಂದು ನನಗೆ ಅನ್ನಿಸುತ್ತದೆ. ಮಳೆಗಾಲದ ಮನೆಯಡುಗೆಯಲ್ಲಿ ಸೊಪ್ಪು, ಗೆಡ್ಡೆ, ಕಾಯಿಗಳಿಗೆ ಇರುವ ಜಾಗ ನಾವು ಎಣಿಸಿದ್ದಕ್ಕಿಂತ ಬಹಳ ದೊಡ್ಡದು. ಶುಕ್ರವಾರ ರಾತ್ರಿ ಅಕ್ಕಿ ಒಟ್ಟಿಯ (ರೊಟ್ಟಿಯ) ಜೊತೆಗೆ ಕೆಸುವಿನ ಕೆಂಬು ಕರಿ, ಎಳ್ಳಿನ ಪಜ್ಜಿ (ಚಟ್ನಿ) ಮತ್ತು ಕಾಡುಮಾವಿನ ಕರಿ ಇದ್ದವು. ಬೇಸಿಗೆಯಲ್ಲಿ ಸಿಗುವ ಪುಟ್ಟ ಕಾಡುಮಾವನ್ನು ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟು, ಮಳೆಗಾಲದಲ್ಲಿ ತೆಗೆದು ಬೆಲ್ಲ, ಮೆಣಸು, ಸಾಸಿವೆಯೊಂದಿಗೆ ಬೇಯಿಸುತ್ತಾರೆ; ಊಟ ಮುಗಿದ ಮೇಲೂ ಗೊರಟು ಚೀಪುತ್ತ ಕುಳಿತಿರುವುದು ಅಲ್ಲಿ ಅಸಭ್ಯವಲ್ಲ. ಒಟ್ಟಿಗೆ ಬರೀ ಅಕ್ಕಿಹಿಟ್ಟು ಸಾಲದು. ಅನ್ನವನ್ನು ನುಣ್ಣಗೆ ಹಿಸುಕಿ ಹಿಟ್ಟಿನೊಂದಿಗೆ ನಾದಿ, ತೆಳುವಾಗಿ ಲಟ್ಟಿಸಿ, ಕಾವಲಿಯ ಮೇಲೆ ಬೇಯಿಸಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸಿದರೆ ಮಾತ್ರ ಅದು ಆರಿದ ಮೇಲೂ ಮೆತ್ತಗಿರುತ್ತದೆ.

ಕೆಸುವಿನ ವಿಷಯದಲ್ಲಿ ಸ್ನೇಹಿತನ ತಾಯಿ, ನಾವೂ ಅವ್ವ ಎಂದೇ ಕರೆಯುವವರು, ಬಹಳ ಕಟ್ಟುನಿಟ್ಟು. ಎಲೆಯಲ್ಲಿರುವ ಸೂಜಿಯಂತಹ ಆಕ್ಸಲೇಟ್ ಹರಳುಗಳು ಗಂಟಲನ್ನು ತುರಿಸುತ್ತವೆ. ಅದಕ್ಕೆ ದಂಟಿನ ನಾರು ತೆಗೆದು, ಸೊಪ್ಪು ಪೂರ್ತಿ ಕರಗುವವರೆಗೆ ಬೇಯಿಸಿ, ಹುಳಿಯನ್ನು ಧಾರಾಳವಾಗಿ ಹಾಕುತ್ತಾರೆ. ನಾನು ಸೌಟು ಆಡಿಸುತ್ತ ಸಾಕಲ್ಲವೇ ಎಂದು ಕೇಳಿದಾಗಲೆಲ್ಲ ಅವರು, ‘ಇನ್ನೂ ಬೇಯಲಿ, ನಾಳೆ ನಿಮ್ಮ ಗಂಟಲು ನನ್ನನ್ನು ಬೈಯಬಾರದು’ ಎನ್ನುತ್ತಿದ್ದರು.

ಆ ಹುಳಿಯೇ ಕಾಚಂಪುಳಿ. ಅದನ್ನು ಬಾಟಲಿಯಲ್ಲಿ ನೋಡಿದವರು ಬಹಳ ಮಂದಿ ಇರಬಹುದು, ಆಗುವುದನ್ನು ನೋಡಿದವರು ಕಡಿಮೆ. ನಾನು ಈ ಸಲ ಹೋದದ್ದಕ್ಕೆ ಮುಖ್ಯ ಕಾರಣವೂ ಅದೇ. ಮಲೆನಾಡಿನವರು ಉಪ್ಪಗೆ ಎನ್ನುವ ಮರದ ಹಳದಿ ಹಣ್ಣುಗಳು ಮಳೆಗಾಲದಲ್ಲಿ ಮಾಗಿ ಉದುರುತ್ತವೆ. ಅವ್ವನ ಮನೆಯ ಹಿಂದಿನ ಜಗಲಿಯಲ್ಲಿ ಅಂತಹ ಹಣ್ಣುಗಳನ್ನು ತುಂಬಿದ ಬಿದಿರಿನ ಬುಟ್ಟಿಯೊಂದನ್ನು ಪಾತ್ರೆಯ ಮೇಲೆ ಇಟ್ಟಿದ್ದರು. ಹಿಂಡುವುದಿಲ್ಲ, ಅರೆಯುವುದಿಲ್ಲ, ಹಣ್ಣು ತನ್ನಷ್ಟಕ್ಕೆ ಕೊಳೆತು ಕರಗಿ ರಸ ಹನಿಹನಿಯಾಗಿ ಕೆಳಗಿಳಿಯುತ್ತದೆ. ಹತ್ತಿರ ಹೋದರೆ ಹಣ್ಣಿನ ಮತ್ತು ಹೆಂಡದ ನಡುವಿನ ಒಂದು ವಾಸನೆ, ಮೇಲೆಲ್ಲ ಸಣ್ಣ ನೊಣಗಳು. ಹೀಗೆ ಸಂಗ್ರಹವಾದ ತಿಳಿಯಾದ ರಸವನ್ನು ಸೋಸಿ, ಸೌದೆ ಒಲೆಯ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬತ್ತಿಸುತ್ತಾರೆ. ಶನಿವಾರ ಬೆಳಿಗ್ಗೆ ಒಲೆಗೇರಿಸಿದ ರಸದ ಬಣ್ಣ ಮಧ್ಯಾಹ್ನದ ಹೊತ್ತಿಗೆ ಕಂದಾಗಿ, ಸಂಜೆಯ ಹೊತ್ತಿಗೆ ಅಪ್ಪಟ ಕಪ್ಪಾಯಿತು. ಪಾತ್ರೆಯ ಮುಕ್ಕಾಲು ಭಾಗ ಆವಿಯಾಗಿ ಹೋಗಿ ತಳದಲ್ಲಿ ಉಳಿದದ್ದನ್ನು ಅವ್ವ ಚಮಚದ ಬೆನ್ನಿನ ಮೇಲೆ ಹರಿಸಿ ತೋರಿಸಿದರು: ಅದು ಓಡಲಿಲ್ಲ, ನಿಧಾನವಾಗಿ ಜಾರಿ ಅಂಚಿನಲ್ಲಿ ತಡೆದು ನಿಂತಿತು. ಅಂಗಡಿಯಲ್ಲಿ ಕೊಳ್ಳುವಾಗ ಬಾಟಲಿಯನ್ನು ಓರೆ ಮಾಡಿ ನಾನು ಈಗ ನೋಡುವುದು ಇದನ್ನೇ. ನೀರಿನಂತೆ ಓಡುವ ಕಾಚಂಪುಳಿ ಎಷ್ಟು ಕಪ್ಪಾಗಿದ್ದರೂ ಬೇಡ.

ಪಂದಿ ಕರಿಯನ್ನು ಶುಕ್ರವಾರ ಸಂಜೆಯೇ ಮಾಡಿಟ್ಟು ಶನಿವಾರ ಮಧ್ಯಾಹ್ನ ತಿಂದೆವು. ರಾತ್ರಿಯೆಲ್ಲ ಮಸಾಲೆಯಲ್ಲಿ ಇದ್ದಷ್ಟೂ ಅದರ ರುಚಿ ಹೆಚ್ಚು. ಕೊಬ್ಬು ಮತ್ತು ತೊಗಲು ಸಮೇತ ತುಂಡು ಮಾಡಿದ ಮಾಂಸವನ್ನು ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಅರಿಸಿನ, ಮೆಣಸಿನಪುಡಿಯೊಂದಿಗೆ ಅದರದೇ ನೆಣದಲ್ಲಿ ಬೇಯಿಸುತ್ತಾರೆ. ನಿಜವಾದ ಕೆಲಸವಿರುವುದು ಮಸಾಲೆಯಲ್ಲಿ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಒಂದಿಷ್ಟು ಮೆಂತ್ಯವನ್ನು ಬಾಣಲೆಯಲ್ಲಿ ಹುರಿಯತೊಡಗಿದಾಗ, ಘಮ ಬಂದೊಡನೆ ಇಳಿಸುವುದು ನಮ್ಮ ಮನೆಯ ಅಭ್ಯಾಸವಾದ್ದರಿಂದ ನನ್ನ ಕೈ ತಾನಾಗಿಯೇ ಬಾಣಲೆಯ ಹಿಡಿಗೆ ಹೋಯಿತು. ‘ಹೆದರಬಾರದು. ಕಪ್ಪಾಗದಿದ್ದರೆ ಅದು ಪಂದಿ ಕರಿ ಅಲ್ಲ’ ಎಂದರು ಅವ್ವ. ಘಮ ಬಂದ ಮೇಲೂ ಹುರಿಯುತ್ತ ಹೋಗಿ, ಹೊಗೆ ಏಳತೊಡಗಿ, ಇನ್ನು ಒಂದು ಕ್ಷಣ ಬಿಟ್ಟರೆ ಸೀದೇಬಿಡುತ್ತದೆ ಎನ್ನುವಾಗ ಇಳಿಸಬೇಕು. ಆ ಒಂದು ಕ್ಷಣದ ಅಂದಾಜು ಯಾವ ಪಾಕಪುಸ್ತಕದಲ್ಲೂ ಸಿಗಲಾರದು. ಈ ಪುಡಿಯನ್ನು, ಒಂದು ಕಿಲೋ ಮಾಂಸಕ್ಕೆ ಒಂದೆರಡು ದೊಡ್ಡ ಚಮಚದಂತೆ ಕಾಚಂಪುಳಿಯನ್ನು, ಮಾಂಸ ಬೆಂದ ಮೇಲೆಯೇ ಸೇರಿಸಿ ಇನ್ನೊಂದು ಕುದಿ ಕುದಿಸುತ್ತಾರೆ. ಕರಿಯ ಕಪ್ಪು ಬಣ್ಣ ಈ ಎರಡರಿಂದ ಬಂದದ್ದು.

ಅದರ ಜೊತೆಗೆ ಕಡಂಬುಟ್ಟು. ಅಕ್ಕಿ ತರಿಯನ್ನು ಉಪ್ಪು ಹಾಕಿದ ಕುದಿನೀರಿಗೆ ಸುರಿದು ಗಟ್ಟಿಯಾಗಿ ಬೇಯಿಸಿ, ಬಿಸಿ ಆರುವ ಮುನ್ನ ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆಗಳಾಗಿ ಕಟ್ಟಿ, ಆಮೇಲೆ ಹಬೆಯಲ್ಲಿ ಇನ್ನೊಮ್ಮೆ ಬೇಯಿಸಬೇಕು. ನನ್ನ ಪತ್ನಿಗೆ ಅಂದು ಅದೃಷ್ಟವಿತ್ತು. ಅಣಬೆಯನ್ನು ಕಣಿಲೆಯಂತೆ ಮುಂಗಡವಾಗಿ ಹೇಳಿ ತರಿಸಲಾಗದು, ಅದು ಗುಡುಗು ಮಳೆಯ ಇಷ್ಟಕ್ಕೆ ಬಿಟ್ಟದ್ದು. ಆದರೆ ಬೆಳಿಗ್ಗೆ ತೋಟದ ಕಾರ್ಮಿಕರ ಲೈನ್‌ಮನೆಯವರೊಬ್ಬರು ಹುತ್ತದ ಬಳಿ ಎದ್ದಿದ್ದ ಅಣಬೆಯನ್ನು ಕೆಸುವಿನ ಎಲೆಯಲ್ಲಿ ಕಟ್ಟಿ ತಂದುಕೊಟ್ಟರು. ವರ್ಷ ವರ್ಷವೂ ಅದೇ ಜಾಗದಲ್ಲಿ ಕಂಡು ಗುರುತಿರುವ ಅಣಬೆಯನ್ನಲ್ಲದೆ ಬೇರೆ ಯಾವುದನ್ನೂ ಆ ಮನೆಯಲ್ಲಿ ಒಳಗೆ ತರುವುದಿಲ್ಲ. ನಮ್ಮಂತಹವರು ತೋಟದಲ್ಲಿ ನಡೆಯುವಾಗ ಕಂಡದ್ದನ್ನು ಕಿತ್ತು ತರುವ ಉತ್ಸಾಹ ತೋರಿಸಲೇಬಾರದು. ಬೇರಿನ ಮಣ್ಣು ಕೆರೆದು, ಕೈಯಲ್ಲೇ ಸೀಳಿ, ನೀರು ಹಾಕದೆ ಅದು ಬಿಡುವ ನೀರಿನಲ್ಲಿಯೇ ಬೇಯಿಸಿದ ಕುಮ್ಮ್ ಕರಿಯ ಮುಂದೆ ಪಂದಿ ಕರಿಯೂ ಎರಡನೆಯದೇ ಎಂದು ಹೇಳಿದರೆ ಸ್ನೇಹಿತ ಒಪ್ಪಲಾರ, ಆದರೂ ನನ್ನ ಅಭಿಪ್ರಾಯ ಅದು.

ಮದ್ದ್ ಸೊಪ್ಪಿನ ಪಾಯಸಕ್ಕೆ ನಾವು ತಡವಾಗಿ ಹೋಗಿದ್ದೆವು. ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಈ ಗಿಡದಲ್ಲಿ ಹದಿನೆಂಟು ಬಗೆಯ ಔಷಧಿ ಗುಣ ಕೂಡುತ್ತದೆಂಬ ನಂಬಿಕೆಯಿಂದ ಕೊಡಗಿನ ಮನೆಮನೆಯಲ್ಲೂ ಅದನ್ನು ಮಾಡುತ್ತಾರೆ. ಸೊಪ್ಪನ್ನು ಕುದಿಸಿದಾಗ ಸಿಗುವ ನೇರಳೆ ಬಣ್ಣದ ನೀರನ್ನು ಸ್ನೇಹಿತನ ಮನೆಯಲ್ಲಿ ಫ್ರೀಜರ್‌ನಲ್ಲಿ ಇಟ್ಟಿದ್ದರಿಂದ ನಮಗೂ ಅಕ್ಕಿ, ಬೆಲ್ಲ, ಕಾಯಿಹಾಲು ಸೇರಿಸಿದ ಒಂದೊಂದು ಬಟ್ಟಲು ಪಾಯಸ ಸಿಕ್ಕಿತು. ಹದಿನೆಂಟು ಔಷಧಿಗಳ ಲೆಕ್ಕವನ್ನು ನಾನು ನಂಬಿಕೆಯಾಗಿಯೇ ಉಳಿಸಿಕೊಂಡಿದ್ದೇನೆ. ಆದರೆ ಮರುದಿನ ಮೂತ್ರ ಕೆಂಪಾಗುವುದು ಮಾತ್ರ ನಿಜ. ಮೊದಲೇ ಹೇಳಿರದಿದ್ದರೆ ಗಾಬರಿಯಾಗುವಷ್ಟು ಕೆಂಪು.

ಶನಿವಾರ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕಕ್ಕಬ್ಬೆಯ ಕಡೆ ಹೋಗಿ ನಾಲ್ಕುನಾಡು ಅರಮನೆಯನ್ನು ನೋಡಿಬಂದೆವು. ನನ್ನ ಕುತೂಹಲ ಇದ್ದದ್ದು ಜೇನಿನ ಮೇಲೆ. ಒಂದು ಕಾಲಕ್ಕೆ ಈ ಭಾಗದ ತೋಟಗಳಲ್ಲಿ ಜೇನುಪೆಟ್ಟಿಗೆ ಸಾಮಾನ್ಯವಾಗಿತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಾದ್ಯಂತ ತುಡುವೆ ಜೇನಿನ ಕುಟುಂಬಗಳನ್ನು ನಾಶ ಮಾಡಿದಾಗ ಇಲ್ಲಿಯೂ ಪೆಟ್ಟಿಗೆಗಳು ಬರಿದಾದವು. ಆಗಸ್ಟ್‌ನಲ್ಲಿ ಹೊಸ ಜೇನು ಸಿಗುವುದಿಲ್ಲ. ಹೂವಿಲ್ಲದ ಈ ಕಾಲದಲ್ಲಿ ಹುಳುಗಳಿಗೇ ಸಕ್ಕರೆ ಪಾಕ ಇಟ್ಟು ಸಾಕಬೇಕು. ‘ಈಗ ತಾನೇ ತೆಗೆದದ್ದು’ ಎಂದು ಮಳೆಗಾಲದಲ್ಲಿ ಯಾರಾದರೂ ಮಾರಿದರೆ ಮುಂದಕ್ಕೆ ನಡೆಯುವುದೇ ಲೇಸು. ನಾವು ಬೇಸಿಗೆಯಲ್ಲಿ ತೆಗೆದಿಟ್ಟಿದ್ದ ಒಂದು ಸಣ್ಣ ಬಾಟಲಿ ಕೊಂಡೆವು.

ಭಾನುವಾರ ಬೆಳಗಿನ ತಿಂಡಿ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ. ಬೇಯಿಸಿದ ಅಕ್ಕಿಹಿಟ್ಟಿನ ಮುದ್ದೆಯನ್ನು ಬಿಸಿಬಿಸಿಯಾಗಿರುವಾಗಲೇ ಶಾವಿಗೆ ಒರಳಿಗೆ ಹಾಕಿ ಒತ್ತಬೇಕು. ಆರಿದರೆ ಎಳೆ ತುಂಡಾಗುತ್ತದೆ, ಒತ್ತುವವರ ತೋಳೂ ಸೋಲುತ್ತದೆ. ಸ್ನೇಹಿತ ಒತ್ತಿದ, ನಾನು ತಟ್ಟೆ ತಿರುಗಿಸಿದೆ. ನಾವಿಬ್ಬರೂ ಅದನ್ನು ಕೋಳಿ ಕರಿಯೊಂದಿಗೆ ತಿಂದರೆ, ನನ್ನ ಪತ್ನಿ ಬೆಲ್ಲ ಕರಗಿಸಿದ ಕಾಯಿಹಾಲಿನೊಂದಿಗೆ ತಿಂದಳು. ಆಮೇಲೆ ಬೆಲ್ಲದ ಕಾಫಿ, ಹಾಲಿಲ್ಲದ್ದು.

ಹಿಂದಿರುಗುವ ದಾರಿಯಲ್ಲಿ ಗೋಣಿಕೊಪ್ಪದ ಭಾನುವಾರದ ಸಂತೆಗೆ ಇಳಿದೆವು. ಪೇಟೆಯ ಅಂಗಡಿಗಳಲ್ಲಿ ಪ್ರವಾಸಿಗರಿಗೆಂದು ಜೋಡಿಸಿಟ್ಟಿರುವ ಮನೆ ಚಾಕೊಲೇಟು ಮತ್ತು ಹಣ್ಣಿನ ವೈನುಗಳಲ್ಲಿ ನನಗೆ ಆಸಕ್ತಿಯಿಲ್ಲ. ಅವು ಊಟಿಯಲ್ಲೂ ಸಿಗುತ್ತವೆ. ಸಂತೆಯಲ್ಲಿ ಕಡಂಬುಟ್ಟಿಗೆ ಬೇಕಾದ ಅಕ್ಕಿ ತರಿ, ಕರಿಮೆಣಸು ಮತ್ತು ಒಂದು ಕಟ್ಟು ಕೆಸುವಿನ ದಂಟು ಕೊಂಡೆವು. ಕಾಚಂಪುಳಿಯನ್ನು ಅವ್ವ ಹಳೆಯ ಗಾಜಿನ ಸೀಸೆಯಲ್ಲಿ ತುಂಬಿಸಿ ಕೊಟ್ಟಿದ್ದರು. ಅದನ್ನು ಲೋಹದ ಡಬ್ಬಿಗೆ ಸುರಿಯಬಾರದು, ಒದ್ದೆ ಚಮಚ ಹಾಕಬಾರದು, ಹೀಗಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ ಎಂದು ಎಚ್ಚರಿಸಿಯೂ ಇದ್ದರು. ನಮ್ಮ ಮನೆಯಲ್ಲಿ ಹಂದಿ ಮಾಂಸ ಬೇಯುವುದಿಲ್ಲವಾದ್ದರಿಂದ ಆ ಸೀಸೆ ಈಗ ಖಾಲಿಯಾಗುತ್ತಿರುವುದು ಬದನೆಕಾಯಿ ಪಲ್ಯಕ್ಕೆ, ಅಣಬೆ ಸಾರಿಗೆ. ಹುಣಸೆಹಣ್ಣು ಹಾಕುವಷ್ಟರ ಕಾಲು ಭಾಗ ಸಾಕು, ಮತ್ತು ಒಲೆಯಿಂದ ಇಳಿಸುವ ಮುನ್ನ ಹಾಕಬೇಕು.